ವಾಟರ್ ಬ್ಲಾಕ್ ಬದಲಿಸಿದರೂ ಪ್ರೊಸೆಸರ್ 95ರಲ್ಲೇ ನಿಂತಿದೆ, ಯಾಕೆ?

ಪ್ರಶ್ನೆ: ಬಳ್ಳಾರಿಯಲ್ಲಿ ಮದುವೆ ವಿಡಿಯೊ ಎಡಿಟಿಂಗ್ ಮಾಡುತ್ತೇನೆ. ರೈಜನ್ 9 7950ಎಕ್ಸ್ ಪ್ರೊಸೆಸರ್ ಇದೆ. 360 ಮಿ.ಮೀ. ರೇಡಿಯೇಟರ್ ಮತ್ತು ಡಿ5 ಪಂಪ್ ಹಾಕಿ ವಾಟರ್ ಕೂಲಿಂಗ್ ನಾನೇ ಜೋಡಿಸಿದ್ದೇನೆ. ರೆಂಡರ್ (ಎಡಿಟ್ ಮಾಡಿದ್ದನ್ನು ಪೂರ್ತಿ ವಿಡಿಯೊ ಮಾಡುವ ಕೆಲಸ) ಶುರುವಾದರೆ ಸೀದಾ 95 ಡಿಗ್ರಿ. ಹಳೇ ವಾಟರ್ ಬ್ಲಾಕ್ (ಪ್ರೊಸೆಸರ್ ಮೇಲೆ ಕೂತು ಅದರ ಬಿಸಿಯನ್ನು ನೀರಿಗೆ ದಾಟಿಸುವ ಭಾಗ) ಸರಿಯಿಲ್ಲ ಅಂದುಕೊಂಡು 12,000 ರೂಪಾಯಿ ಕೊಟ್ಟು ಹೊಸದು ತರಿಸಿದೆ. ಈಗ 94. ಒಂದೇ ಒಂದು ಡಿಗ್ರಿ! ರೂಮಿನಲ್ಲಿ 34 ಡಿಗ್ರಿ ಇರುತ್ತದೆ, ಲೂಪಿನಲ್ಲಿ, ಅಂದರೆ ಪೈಪುಗಳಲ್ಲಿ, ಸುತ್ತುವ ನೀರು 44. ‘ಪಂಪ್ ನಿಧಾನ ಮಾಡು, ನೀರು ಬ್ಲಾಕ್ ಒಳಗೆ ನಿಂತು ಬಿಸಿ ಹೀರಿಕೊಳ್ಳಲಿ’ ಅಂತ ಗೆಳೆಯ ಹೇಳುತ್ತಾನೆ. ಬ್ಲಾಕ್‌ನ ವಿನ್ಯಾಸದಿಂದ ನಿಜಕ್ಕೂ ವ್ಯತ್ಯಾಸ ಆಗುತ್ತಾ, ಸುಮ್ನೆ ದುಡ್ಡು ಹೋಯ್ತಾ? ಎರಡೂ ಬ್ಲಾಕ್‌ನ ಸ್ಕ್ರೀನ್‌ಶಾಟ್ ಮತ್ತು ಈಗಿನ ಫೋಟೊ ಕಳಿಸಿದ್ದೇನೆ.

ಉತ್ತರ: ದುಡ್ಡು ಹೋಗಿಲ್ಲ. ನೀವು ನೋಡಬೇಕಾದ ಅಂಕಿ ಬೇರೆ, ಅಷ್ಟೆ. ಫೋಟೊದಲ್ಲಿ ಇನ್ನೊಂದು ವಿಷಯವೂ ಕಣ್ಣಿಗೆ ಬಿತ್ತು. ಅದನ್ನು ಸ್ವಲ್ಪ ತಡೆದು ಹೇಳುತ್ತೇನೆ. ಈಗಲೇ ಹೇಳಿದರೆ ನೀವು ಸ್ಕ್ರೂಡ್ರೈವರ್ ಹಿಡಿದು ಎದ್ದುಬಿಡುತ್ತೀರಿ.

ಮೊದಲು 95ರ ಕಥೆ. 2022ರ ಸೆಪ್ಟೆಂಬರ್‌ನಲ್ಲಿ ಬಂದ 7950ಎಕ್ಸ್ ಹಳೇ ಕಾಲದ ಪ್ರೊಸೆಸರ್‌ಗಳ ಹಾಗಲ್ಲ. ಅದನ್ನು ಮಾಡುವ ಎಎಂಡಿ ಕಂಪನಿ ಹೇಳುವ ಟಿಡಿಪಿ (ಬಿಸಿಯ ಲೆಕ್ಕಕ್ಕೆ ಕೊಡುವ ಅಂಕಿ) 170 ವ್ಯಾಟ್ ಆದರೂ, ಮದರ್‌ಬೋರ್ಡ್‌ನ ಸಾಕೆಟ್‌ನಿಂದ 230 ವ್ಯಾಟ್‌ವರೆಗೆ ಎಳೆಯಲು ಅದಕ್ಕೆ ಅವಕಾಶ ಇದೆ. ವ್ಯಾಟ್ ಮಿತಿಯನ್ನೋ 95 ಡಿಗ್ರಿಯನ್ನೋ, ಯಾವುದಾದರೂ ಒಂದನ್ನು ಮುಟ್ಟುವವರೆಗೆ ವೇಗ ಏರಿಸುತ್ತಾ ಹೋಗುವುದು ಅದರ ಸ್ವಭಾವ. ನೀವು ತಂಪು ಜಾಸ್ತಿ ಬಡಿಸಿದರೆ ಅದು ಜಾಸ್ತಿ ಉಣ್ಣುತ್ತದೆ. ಎಲೆ ಮಾತ್ರ ಮೊದಲಿನ ಹಾಗೇ ಖಾಲಿ ಕಾಣುತ್ತದೆ.

ಹಾಗಾಗಿ ನಿಮ್ಮ ಸ್ಕ್ರೀನ್‌ಶಾಟ್‌ಗಳಲ್ಲಿ ನಾನು ಡಿಗ್ರಿ ಬಿಟ್ಟು ವ್ಯಾಟ್ ನೋಡಿದೆ. ಹಳೇ ಬ್ಲಾಕ್ ಇದ್ದಾಗ ಚಿಪ್ 95, ನೀರು 43, ಎಳೆದದ್ದು 205 ವ್ಯಾಟ್. ಹೊಸದರಲ್ಲಿ ಚಿಪ್ 94, ನೀರು 44, ಎಳೆದದ್ದು 222 ವ್ಯಾಟ್. ಚಿಪ್‌ಗೂ ನೀರಿಗೂ ಇರುವ ಅಂತರವನ್ನು ವ್ಯಾಟ್‌ನಿಂದ ಭಾಗಿಸಿ. ಹಳೆಯದಕ್ಕೆ ಪ್ರತಿ ವ್ಯಾಟ್‌ಗೆ ಸುಮಾರು 0.254 ಡಿಗ್ರಿ, ಹೊಸದಕ್ಕೆ 0.225. ಅಂದರೆ ಅದೇ 222 ವ್ಯಾಟನ್ನು ಹಳೇ ಬ್ಲಾಕ್ ಮೇಲೆ ಹೇರಿದ್ದರೆ ಅಂತರ 50ರ ಬದಲು 56 ಆಗುತ್ತಿತ್ತು. ಹೊಸ ಬ್ಲಾಕ್ 6 ಡಿಗ್ರಿ ದುಡಿದಿದೆ. ಅದನ್ನು ಪ್ರೊಸೆಸರ್ ತಿಂದು ಕ್ಲಾಕ್, ಅಂದರೆ ವೇಗ, ಏರಿಸಿಕೊಂಡಿದೆ. ನಿಮ್ಮ ರೆಂಡರ್ ಒಂದಿಷ್ಟು ಬೇಗ ಮುಗಿಯುತ್ತಿರಬೇಕು, ಗಡಿಯಾರ ಹಿಡಿದು ನೋಡಿ.

ಇನ್ನು ಆ 50 ಡಿಗ್ರಿ ಎಲ್ಲಿ ಕೂತಿದೆ ಅನ್ನುವುದು. ಬ್ಲಾಕ್‌ನ ಕೈಯಲ್ಲಿ ಎಷ್ಟಿದೆ, ಎಷ್ಟಿಲ್ಲ ಅಂತ ಗೊತ್ತಾಗುವುದು ಇಲ್ಲೇ.

ನಿಮ್ಮ ಪ್ರೊಸೆಸರ್ ಮುಚ್ಚಳದ ಕೆಳಗೆ ಮೂರು ಸಿಲಿಕಾನ್ ತುಂಡುಗಳಿವೆ. ಅವುಗಳಲ್ಲಿ ಎರಡು ಲೆಕ್ಕ ಮಾಡುವ ಚಿಪ್ಲೆಟ್‌ಗಳು. ಒಂದೊಂದೂ ಸುಮಾರು 70 ಚದರ ಮಿಲಿಮೀಟರ್, ಕಿರುಬೆರಳ ಉಗುರಿನಷ್ಟು. ಒಂದರಿಂದ 90 ವ್ಯಾಟ್ ಬರುತ್ತದೆ ಅಂತಿಟ್ಟುಕೊಂಡರೂ ಪ್ರತಿ ಚದರ ಸೆಂಟಿಮೀಟರ್‌ಗೆ 130 ವ್ಯಾಟ್ ಹತ್ತಿರ ಆಯ್ತು. ಮನೆಯ 1,000 ವ್ಯಾಟ್ ಇಸ್ತ್ರಿ ಪೆಟ್ಟಿಗೆಯ ತಳದಲ್ಲಿ ಇದು ಐದಾರು ವ್ಯಾಟ್ ಇರುತ್ತದೆ. ಇಷ್ಟು ಸಣ್ಣ ಜಾಗದಿಂದ ಹೊರಡುವ ಬಿಸಿ ಸಿಲಿಕಾನ್ ದಾಟಬೇಕು, ಬೆಸುಗೆ ದಾಟಬೇಕು, ದಪ್ಪ ತಾಮ್ರದ ಮುಚ್ಚಳ ದಾಟಬೇಕು, ಮುಚ್ಚಳಕ್ಕೂ ಬ್ಲಾಕ್‌ಗೂ ನಡುವೆ ಹಚ್ಚುವ ಪೇಸ್ಟ್ ದಾಟಬೇಕು. ಆಮೇಲೆ ಬ್ಲಾಕ್‌ನ ತಾಮ್ರ, ಕೊನೆಗೆ ನೀರು. ಪ್ರತಿ ಮೆಟ್ಟಿಲಲ್ಲೂ ಒಂದಿಷ್ಟು ಡಿಗ್ರಿ ಸುಂಕ ಕಟ್ಟಿಯೇ ಮುಂದೆ ಹೋಗಬೇಕು.

ನನ್ನ ಅಂದಾಜು ಹೀಗಿದೆ: ನಿಮ್ಮ 50ರಲ್ಲಿ 30ರ ಆಸುಪಾಸು ಮುಚ್ಚಳ ದಾಟುವಷ್ಟರಲ್ಲೇ ಖರ್ಚಾಗುತ್ತದೆ. ಪೇಸ್ಟ್‌ಗೆ ಐದಾರು. ಉಳಿದ ಹದಿನಾಲ್ಕು ಹದಿನೈದು ಮಾತ್ರ ಬ್ಲಾಕ್‌ನದು. ನಿಮ್ಮದೂ ಸೇರಿ ಎಎಂ5 ಸಾಕೆಟ್‌ನ ಪ್ರೊಸೆಸರ್‌ಗಳ ಮುಚ್ಚಳ ದಪ್ಪಗಿದೆ, ಅದರ ಹಿಂದಿನ ಎಎಂ4 ಸಾಕೆಟ್‌ನ ಕೂಲರ್‌ಗಳೇ ಇದಕ್ಕೂ ಹೊಂದಲಿ ಅಂತ ಎತ್ತರ ಹಾಗೇ ಉಳಿಸಿಕೊಂಡದ್ದರ ಫಲ ಅದು. ಡೆರ್ ಬಾವರ್ ಅನ್ನುವ ಹೆಸರಿನ ಜರ್ಮನಿಯ ಓವರ್‌ಕ್ಲಾಕರ್ (ಪ್ರೊಸೆಸರ್‌ಗಳನ್ನು ಮಿತಿ ಮೀರಿ ಓಡಿಸುವ ಪರಿಣತ) 2022ರಲ್ಲಿ ಇದೇ ಸಾಲಿನ 7900ಎಕ್ಸ್‌ನ ಮುಚ್ಚಳ ಕಿತ್ತು ತಂಪು ಮಾಡಿ ತೋರಿಸಿದಾಗ ಸುಮಾರು 20 ಡಿಗ್ರಿ ಇಳಿಯಿತು. ಜಗತ್ತಿನ ಯಾವ ಬ್ಲಾಕ್ ತಂದರೂ ಆ 20ನ್ನು ಅದು ಮುಟ್ಟಲಾರದು. ನೀವು ಮುಚ್ಚಳ ಕೀಳಲು ಹೋಗಬೇಡಿ. ಹೊಟ್ಟೆಪಾಡಿನ ಯಂತ್ರದ ಮೇಲೆ ಮಾಡುವ ಆಟ ಅಲ್ಲ ಅದು.

ಹಾಗಾದರೆ ಬ್ಲಾಕ್‌ನ ವಿನ್ಯಾಸ ಏನು ಮಾಡುತ್ತದೆ? ಆ ಹದಿನಾಲ್ಕು ಹದಿನೈದು ಡಿಗ್ರಿಯನ್ನು ಮೂವತ್ತು ನಲವತ್ತು ಆಗದ ಹಾಗೆ ನೋಡಿಕೊಳ್ಳುತ್ತದೆ. ಹೇಗೆ ಅಂತ ಬಿಚ್ಚಿ ನೋಡೋಣ.

ಹಳೇ ಬ್ಲಾಕ್ ಇನ್ನೂ ನಿಮ್ಮ ಹತ್ತಿರ ಇದೆ ಅಲ್ವಾ? ಅದರ ತಳದ ಸ್ಕ್ರೂಗಳನ್ನು ಬಿಚ್ಚಿ. ಕಪ್ಪು ರಬ್ಬರ್ ಓ-ರಿಂಗ್ ಸಿಗುತ್ತದೆ. ಅದರ ಕೆಳಗೆ, ಕೆಲವು ಬ್ಲಾಕ್‌ಗಳಲ್ಲಿ, ನಡುವೆ ಉದ್ದ ಸೀಳಿರುವ ತೆಳು ತಗಡು ಇರುತ್ತದೆ. ಅದನ್ನು ಎತ್ತಿದರೆ ತಾಮ್ರದ ತಟ್ಟೆ. ಅದರ ನಡುಭಾಗದಲ್ಲಿ ನೆಟ್ಟಗೆ ನಿಂತ ತೆಳು ಗೋಡೆಗಳ ಸಾಲು. ಹೇನು ತೆಗೆಯುವ ಸೀರಣಿಗೆಯ ಹಲ್ಲಿಗಿಂತ ಒತ್ತಾಗಿರುತ್ತದೆ. ಬೆಳಕಿಗೆ ಹಿಡಿದು ಓರೆಯಾಗಿ ನೋಡಿದರೆ ಮಾತ್ರ ಸಂದು ಕಾಣುತ್ತದೆ. ಇವೇ ಫಿನ್‌ಗಳು. ಬ್ಲಾಕ್‌ನ ಬೆಲೆ ಇರುವುದು ಇಲ್ಲಿ, ಮೇಲಿನ ಬಣ್ಣದ ಲೈಟಿನಲ್ಲಿ ಅಲ್ಲ.

ಇಷ್ಟು ತೆಳ್ಳಗಿನ ಗೋಡೆಗಳನ್ನು ಬೇರೆ ಮಾಡಿ ತಂದು ಅಂಟಿಸಿರುವುದಿಲ್ಲ. ಬಡಗಿ ಕೀಸುಳಿಯಿಂದ ಮರದ ಸಿಪ್ಪೆ ಎಬ್ಬಿಸುತ್ತಾನಲ್ಲ, ಹಾಗೆ ತಾಮ್ರದ ಗಟ್ಟಿಯಿಂದ ಹರಿತವಾದ ಬ್ಲೇಡ್ ಒಂದೊಂದೇ ಸಿಪ್ಪೆ ಎಬ್ಬಿಸಿ ನೆಟ್ಟಗೆ ನಿಲ್ಲಿಸುತ್ತದೆ. ಸಿಪ್ಪೆ ಬುಡದಲ್ಲಿ ತಟ್ಟೆಗೆ ಅಂಟಿಕೊಂಡೇ ಇರುತ್ತದೆ. ಇದಕ್ಕೆ ಸ್ಕೈವಿಂಗ್ ಅನ್ನುತ್ತಾರೆ. ಕೆಲವರು ತೆಳು ಗರಗಸದ ಚಕ್ರದಿಂದ ಗೀರು ಹೊಡೆದೂ ಮಾಡುತ್ತಾರೆ. ಎರಡರಲ್ಲೂ ಜೋಡಣೆ ಇಲ್ಲ, ಆದ್ದರಿಂದ ಬಿಸಿಗೆ ತಡೆಯೂ ಇಲ್ಲ.

ಈಗ ಒಂದು ಕೈಲೆಕ್ಕ. 25 ಮಿ.ಮೀ. ಅಗಲ, 30 ಮಿ.ಮೀ. ಉದ್ದದ ತಾಮ್ರದ ತಟ್ಟೆ ಇದೆ ಅನ್ನಿ. ಫಿನ್ ಇಲ್ಲದೆ ಬೋಳಾಗಿದ್ದು ಮೇಲೆ ನೀರು ಹರಿದರೆ, 222 ವ್ಯಾಟ್ ದಾಟಿಸಲು ತಾಮ್ರ ನೀರಿಗಿಂತ ಸುಮಾರು 30 ಡಿಗ್ರಿ ಜಾಸ್ತಿ ಬಿಸಿ ಇರಬೇಕಾಗುತ್ತದೆ. ಅದೇ ತಟ್ಟೆಯಲ್ಲಿ 0.4 ಮಿ.ಮೀ. ಸಂದು, 0.4 ಮಿ.ಮೀ. ಗೋಡೆ, 3 ಮಿ.ಮೀ. ಎತ್ತರದ ಫಿನ್ ಕೊರೆದರೆ ಅಂತರ 9 ಡಿಗ್ರಿಗೆ ಬರುತ್ತದೆ. ಸಂದು, ಗೋಡೆ ಎರಡನ್ನೂ 0.2ಕ್ಕೆ ಇಳಿಸಿದರೆ 3 ಡಿಗ್ರಿ. (ಬಿಸಿ ತಟ್ಟೆಯಲ್ಲೆಲ್ಲಾ ಸಮನಾಗಿ ಹರಡಿದೆ ಅಂತ ಹಿಡಿದು ಮಾಡಿದ ಲೆಕ್ಕ ಇದು. ನಿಜದಲ್ಲಿ ಬಿಸಿ ಒಂದೇ ಕಡೆ ಗುಂಪಾಗಿರುತ್ತದೆ, ಅಂಕಿಗಳು ಇದಕ್ಕಿಂತ ಜಾಸ್ತಿ ಬರುತ್ತವೆ. ನಿಮ್ಮ ಬ್ಲಾಕ್‌ನ ಪಾಲು ಹದಿನಾಲ್ಕಿದ್ದೂ ಇಲ್ಲಿ ಮೂರು ಬಂದದ್ದು ಅದಕ್ಕೇ.)

ಸಂದು ಕಿರಿದಾದರೆ ಇಷ್ಟು ಲಾಭ ಯಾಕೆ? ಎರಡು ಕಾರಣ ಒಟ್ಟಿಗೆ ಕೆಲಸ ಮಾಡುತ್ತವೆ. ಒಂದು, ಅದೇ ಜಾಗದಲ್ಲಿ ಗೋಡೆಗಳು ಎರಡು ಪಟ್ಟು ಹಿಡಿಸುತ್ತವೆ. ಇದು ಎಲ್ಲರಿಗೂ ಹೊಳೆಯುತ್ತದೆ. ಇನ್ನೊಂದು ಅಷ್ಟು ಸುಲಭವಾಗಿ ಹೊಳೆಯುವುದಿಲ್ಲ. ನೀರು ಬಿಸಿಯನ್ನು ಹೊತ್ತೊಯ್ಯುವುದರಲ್ಲಿ ಗಟ್ಟಿಗ, ಆದರೆ ತನ್ನೊಳಗೆ ದಾಟಿಸುವುದರಲ್ಲಿ ಮಹಾ ಸೋಮಾರಿ. ತಾಮ್ರದ ಉಷ್ಣವಾಹಕತೆ ಸುಮಾರು 400 ಆದರೆ ನೀರಿನದು 0.6. ಅಂದರೆ ಗೋಡೆಗೆ ತಾಗಿದ ನೀರು ಬಿಸಿಯಾಗುತ್ತದೆ, ಸಂದಿನ ನಡುವೆ ಹರಿಯುವ ನೀರಿಗೆ ಸುದ್ದಿಯೇ ಮುಟ್ಟುವುದಿಲ್ಲ. ಸಂದು ಕಿರಿದು ಮಾಡಿದರೆ ನಡುವೆ ಅನ್ನುವ ಜಾಗವೇ ಕಮ್ಮಿ. ಎಲ್ಲ ನೀರೂ ಗೋಡೆಯ ಪಕ್ಕದ ನೀರೇ.

ಇದನ್ನು ಮೊದಲು ದೊಡ್ಡದಾಗಿ ತೋರಿಸಿದ್ದು 1981ರಲ್ಲಿ, ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ. ಡೇವಿಡ್ ಟಕರ್‌ಮನ್ ಮತ್ತು ಫೇಬಿಯನ್ ಪೀಸ್ ಇಬ್ಬರೂ ಸೇರಿ ಸಿಲಿಕಾನ್‌ನಲ್ಲೇ 50 ಮೈಕ್ರಾನ್ ಅಗಲ, 300 ಮೈಕ್ರಾನ್ ಆಳದ ಕಾಲುವೆಗಳನ್ನು ಕೊರೆದು ನೀರು ಹರಿಸಿದರು. ಚದರ ಸೆಂಟಿಮೀಟರ್‌ಗೆ 790 ವ್ಯಾಟ್ ಎಳೆದರು, ಬಿಸಿ ಏರಿದ್ದು 71 ಡಿಗ್ರಿ ಮಾತ್ರ. ಮನೆ ಕಂಪ್ಯೂಟರ್ ಅನ್ನುವುದೇ ಆಗ ಅಪರೂಪ. ಅವರು ತೋರಿಸಿದ ದಾರಿಯಲ್ಲೇ ಇಂದಿನ ಬ್ಲಾಕ್‌ಗಳು ನಡೆಯುತ್ತಿವೆ, ಸ್ವಲ್ಪ ದೊಡ್ಡ ಕಾಲುವೆ ಇಟ್ಟುಕೊಂಡು.

ಹಾಗಿದ್ದರೆ 0.1 ಮಿ.ಮೀ. ಯಾಕೆ ಮಾಡಬಾರದು? ಮಾಡಬಹುದು. ನನ್ನ ಲೆಕ್ಕದಲ್ಲಿ 3 ಡಿಗ್ರಿ ಒಂದೂವರೆಗೆ ಇಳಿಯುತ್ತದೆ. ಲಾಭ ಒಂದೂವರೆ ಡಿಗ್ರಿ. ಆದರೆ ಅಷ್ಟೇ ನೀರನ್ನು ನೂಕಲು ಒತ್ತಡ ನಾಲ್ಕು ಪಟ್ಟು ಬೇಕು. ಜೊತೆಗೆ ಗೋಡೆ ತೆಳುವಾದಷ್ಟೂ ಬುಡದ ಬಿಸಿ ತುದಿಯವರೆಗೆ ಏರುವುದಿಲ್ಲ. 0.2 ಮಿ.ಮೀ. ಗೋಡೆಯಲ್ಲೇ 3 ಮಿ.ಮೀ. ಎತ್ತರದ ಫಿನ್ ತನ್ನ ಪೂರ್ತಿ ಶಕ್ತಿಯ ಶೇ. 60ರಷ್ಟು ಮಾತ್ರ ದುಡಿಯುತ್ತದೆ. 0.1ಕ್ಕೆ ಇಳಿಸಿದರೆ ಶೇ. 30 ಚಿಲ್ಲರೆ. ತುದಿಯ ತಾಮ್ರ ಸುಮ್ನೆ ನೀರಿನ ದಾರಿಗೆ ಅಡ್ಡ ನಿಂತಿರುತ್ತದೆ. ‘ನಮ್ಮ ಫಿನ್ ಎಲ್ಲರಿಗಿಂತ ಎತ್ತರ’ ಅನ್ನುವ ಜಾಹೀರಾತು ಕಂಡರೆ ನನಗೆ ನಗು ಬರುವುದು ಇದಕ್ಕೇ. ಇನ್ನು ಕಸ ಸಿಕ್ಕಿಕೊಳ್ಳುವ ತೊಂದರೆ ಬೇರೆ. ಅದಕ್ಕೆ ಆಮೇಲೆ ಬರುತ್ತೇನೆ.

ಜಾಹೀರಾತಿನ ಮಾತು ಬಂತು, ಇನ್ನೊಂದನ್ನೂ ಹೇಳಿಬಿಡುತ್ತೇನೆ. ‘ಫಿನ್‌ಗಳ ನಡುವೆ ನೀರು ಸುಳಿ ಸುಳಿಯಾಗಿ ಹರಿದು ಜಾಸ್ತಿ ತಂಪು ಮಾಡುತ್ತದೆ’ ಅಂತ ಡಬ್ಬಿಗಳ ಮೇಲೆ ಬರೆದಿರುತ್ತಾರೆ. ನಿಮಿಷಕ್ಕೆ 3 ಲೀಟರ್ ಹರಿವಿನಲ್ಲಿ, 0.2 ಮಿ.ಮೀ. ಸಂದಿನಲ್ಲಿ ರೆನಾಲ್ಡ್ಸ್ ಸಂಖ್ಯೆ (ಹರಿವು ಶಾಂತವೋ ಸುಳಿಯೋ ಅಂತ ಹೇಳುವ ಅಂಕಿ) 400ನ್ನೂ ಮುಟ್ಟುವುದಿಲ್ಲ, ಲೆಕ್ಕಕ್ಕೆ 380. ಸುಳಿ ಏಳಬೇಕಾದರೆ 2,300 ದಾಟಬೇಕು. ಅಲ್ಲಿ ನೀರು ಪದರ ಪದರವಾಗಿ, ಎಣ್ಣೆ ಸುರಿದ ಹಾಗೆ ಶಾಂತವಾಗಿ ಹರಿಯುತ್ತದೆ. ತಂಪು ಬರುವುದು ಸಂದು ಕಿರಿದಾಗಿರುವುದರಿಂದ. ಸುಳಿಯೇನಾದರೂ ಇದ್ದರೆ ಫಿನ್‌ಗೆ ಇಳಿಯುವ ಮುಂಚೆ ಬರುವ ಸೀಳಿನ ಬಾಯಲ್ಲಿ ಮಾತ್ರ.

ಆ ಸೀಳಿನ ತಗಡೇ ಜೆಟ್ ಪ್ಲೇಟ್. ನನ್ನ ಮಟ್ಟಿಗೆ ಬ್ಲಾಕ್‌ನಲ್ಲಿ ಅತಿ ಜಾಣತನದ ಭಾಗ ಇದು. ಮೊದಲಿನ ಬ್ಲಾಕ್‌ಗಳಲ್ಲಿ ನೀರು ಒಂದು ತುದಿಯಿಂದ ಹೊಕ್ಕು ಇನ್ನೊಂದು ತುದಿಯಿಂದ ಹೊರಡುತ್ತಿತ್ತು. ಈಗ ನೀರು ಮೇಲಿಂದ, ನಟ್ಟನಡುವಿನ ಸೀಳಿನ ಮೂಲಕ ಫಿನ್‌ಗಳ ಮಧ್ಯಕ್ಕೆ ಬೀಳುತ್ತದೆ. ಅಲ್ಲಿಂದ ಎರಡು ಪಾಲಾಗಿ ಎಡಕ್ಕೂ ಬಲಕ್ಕೂ ಹರಿದು, ಎರಡು ಅಂಚಿನಲ್ಲಿ ಮೇಲೆದ್ದು, ಮತ್ತೆ ಸೇರಿ ಹೊರಗೆ ಹೋಗುತ್ತದೆ. ಇದರಿಂದ ತುಂಬಾ ತಂಪಾದ ನೀರು, ತುಂಬಾ ವೇಗದಲ್ಲಿ, ಮೊದಲು ನಡುಭಾಗಕ್ಕೇ ಬಡಿಯುತ್ತದೆ. ಬೀಳುವ ಜಾಗದಲ್ಲಿ ಗೋಡೆಗೆ ಅಂಟಿದ ಬೆಚ್ಚಗಿನ ನೀರಿನ ಪೊರೆ ಇನ್ನೂ ಕಟ್ಟಿಕೊಂಡಿರುವುದಿಲ್ಲ, ಹಾಗಾಗಿ ಬಿಸಿ ಬೇಗ ದಾಟುತ್ತದೆ. ಒತ್ತಡದ ಲೆಕ್ಕವೂ ಚೆನ್ನಾಗಿದೆ. ಪ್ರತಿ ಪಾಲಿಗೆ ದಾರಿ ಅರ್ಧ, ನೀರೂ ಅರ್ಧ. ಅರ್ಧದ ಅರ್ಧ ಕಾಲು. ಮೇಲಿನ ಉದಾಹರಣೆಯ ಫಿನ್‌ಗಳಲ್ಲಿ ನೀರು ನೂಕಲು 80 ಸೆಂ.ಮೀ. ನೀರಿನ ಎತ್ತರದಷ್ಟು ಒತ್ತಡ ಬೇಕಿದ್ದದ್ದು 20 ಸೆಂ.ಮೀ. ಸಾಕಾಗುತ್ತದೆ. ಡಿ5 ಪಂಪ್ ಹೆಚ್ಚೆಂದರೆ 3.9 ಮೀಟರ್ ಎತ್ತುತ್ತದೆ, ಅದರಲ್ಲೇ ರೇಡಿಯೇಟರ್, ಫಿಟಿಂಗ್, ಪೈಪು ಎಲ್ಲ ಸಾಗಬೇಕು. ಹಾಗಾಗಿ ಇಲ್ಲಿ ಉಳಿದ 60 ಸೆಂ.ಮೀ. ಸಣ್ಣದಲ್ಲ.

ಈಗ ನಿಮ್ಮ ಫೋಟೊ. ರೇಡಿಯೇಟರ್‌ನಿಂದ ಬರುವ ಪೈಪು ಬ್ಲಾಕ್‌ನ ಅಂಚಿನ ತೂತಿಗೆ ಸೇರಿದೆ. ನಡುವಿನ ತೂತಿನಿಂದ ನೀರು ಹೊರಗೆ ಹೋಗುತ್ತಿದೆ. ಉಲ್ಟಾ! ಬ್ಲಾಕ್ ಮೇಲೆ ‘ಇನ್’ ಅಂತ ಸಣ್ಣದಾಗಿ ಕೊರೆದಿರುತ್ತಾರೆ, ಫಿಟಿಂಗ್ ಕೂರಿಸಿದ ಮೇಲೆ ಅದು ಕಾಣುವುದಿಲ್ಲ. ಎಷ್ಟೋ ಜನ ಈ ತಪ್ಪು ಮಾಡುತ್ತಾರೆ, ಯಾಕೆಂದರೆ ಉಲ್ಟಾ ಹಾಕಿದರೂ ನೀರು ಸರಾಗವಾಗಿಯೇ ಹರಿಯುತ್ತದೆ. ಏನೂ ಕೆಟ್ಟಂತೆ ಕಾಣುವುದಿಲ್ಲ. ಆದರೆ ನೀರು ಎರಡು ಅಂಚಿನಿಂದ ಒಳಹೊಕ್ಕು, ಬೆಚ್ಚಗಾಗುತ್ತಾ ಬಂದು, ಬಿಸಿ ಜಾಸ್ತಿ ಇರುವ ನಡುವೆ ಬಂದು ಸೇರುತ್ತದೆ. ಜೆಟ್ ಅನ್ನುವುದೇ ಇಲ್ಲ. ಇದನ್ನು ಸರಿಮಾಡಿದರೆ ನಿಮಗೆ ಒಂದೆರಡು ಡಿಗ್ರಿಯಿಂದ ನಾಲ್ಕೈದು ಡಿಗ್ರಿಯವರೆಗೆ ಸಿಗಬೇಕು ಅಂತ ನನ್ನ ನಿರೀಕ್ಷೆ. ಪೈಪು ಅದಲು ಬದಲು ಮಾಡಿ, ಅಷ್ಟೆ. ರೇಡಿಯೇಟರ್ ಮೊದಲೋ ಪಂಪ್ ಮೊದಲೋ ಅನ್ನುವ ಕ್ರಮಕ್ಕೆ ತಲೆಕೆಡಿಸಿಕೊಳ್ಳಬೇಡಿ. ಪಂಪ್‌ಗೆ ಮೇಲಿನ ಟ್ಯಾಂಕಿನಿಂದ ನೀರು ತಪ್ಪದೆ ಬೀಳುತ್ತಿದ್ದರೆ ಸಾಕು.

ನಿಮ್ಮ ಗೆಳೆಯರ ಸಲಹೆ. ‘ನೀರು ನಿಂತು ಬಿಸಿ ಹೀರಲಿ’ ಅನ್ನುವುದು ಕೇಳಲು ಚೆನ್ನಾಗಿದೆ. ಆದರೆ ಗಾಳಿ ನಿಧಾನ ಬೀಸಿದರೆ ಬಟ್ಟೆ ಬೇಗ ಒಣಗುತ್ತದೆ ಅಂತ ಯಾರಾದರೂ ಹೇಳುತ್ತಾರಾ? ನಿಮಿಷಕ್ಕೆ 3 ಲೀಟರ್ ಹರಿವಿನಲ್ಲಿ 222 ವ್ಯಾಟ್ ಹೊತ್ತ ನೀರು ಬ್ಲಾಕ್‌ನಲ್ಲಿ ಏರುವುದು ಬರೀ 1.1 ಡಿಗ್ರಿ. ಫಿನ್‌ಗಳ ಒಳಗೆ ಅದು ಇರುವುದು ಸೆಕೆಂಡಿನ ಐವತ್ತರಲ್ಲಿ ಒಂದು ಭಾಗ. ಅಷ್ಟರಲ್ಲೇ ತನ್ನ ಪಾಲಿನ ಬಿಸಿ ಹೊತ್ತು ಹೊರಟಿರುತ್ತದೆ, ಮತ್ತೆ ಸುತ್ತಿ ಬರುತ್ತದೆ. ಹರಿವು ಅರ್ಧ ಮಾಡಿದರೆ ಏರಿಕೆ 2.2 ಡಿಗ್ರಿ ಆಗುತ್ತದೆ, ಸೀಳಿನ ಜೆಟ್ ಸಪ್ಪೆಯಾಗುತ್ತದೆ, ಚಿಪ್ ಒಂದಿಷ್ಟು ಬಿಸಿಯೇ ಆಗುತ್ತದೆ. ಹಾಗಂತ ಪಂಪನ್ನು ಪೂರ್ತಿ ವೇಗದಲ್ಲಿ ಕಿರುಚಿಸುವುದೂ ಬೇಡ. ನಿಮಿಷಕ್ಕೆ 4 ಲೀಟರ್ ದಾಟಿದ ಮೇಲೆ ಸಿಗುವುದು ಚಿಲ್ಲರೆ. ಎರಡೂವರೆಯಿಂದ ಮೂರೂವರೆ ನಡುವೆ ಇಟ್ಟು ಮರೆತುಬಿಡಿ.

ಬ್ಲಾಕ್‌ನ ತಳದ ದಪ್ಪದ ಬಗ್ಗೆ ನೀವು ಕೇಳಿಲ್ಲ. ಆದರೆ ನಿಮ್ಮ ಪ್ರೊಸೆಸರ್‌ಗೆ ಅದು ಮುಖ್ಯ. ದೋಸೆ ಕಾವಲಿ ನೆನಪು ಮಾಡಿಕೊಳ್ಳಿ. ತೆಳು ಕಾವಲಿಯಲ್ಲಿ ಉರಿ ಇರುವ ಕಡೆ ದೋಸೆ ಸೀಯುತ್ತದೆ, ಅಂಚು ಹಸಿಯಾಗಿರುತ್ತದೆ. ದಪ್ಪ ಕಾವಲಿ ಬಿಸಿ ಹರಡುತ್ತದೆ, ಆದರೆ ಕಾಯಲು ಹೊತ್ತು ಬೇಕು. ಬ್ಲಾಕ್‌ನಲ್ಲೂ ಅದೇ ಚೌಕಾಶಿ. ಫಿನ್‌ಗಳ ಕೆಳಗಿನ ತಾಮ್ರ ತೀರಾ ತೆಳುವಾದರೆ ಬಿಸಿ ಹರಡದೆ ಚಿಪ್ಲೆಟ್‌ನ ನೆತ್ತಿಯ ಮೇಲಿನ ಹತ್ತಾರು ಫಿನ್‌ಗಳು ಮಾತ್ರ ದುಡಿಯುತ್ತವೆ, ಉಳಿದವು ನೋಡುತ್ತಾ ನಿಲ್ಲುತ್ತವೆ. ತೀರಾ ದಪ್ಪವಾದರೆ ಬಿಸಿ ನೀರಿಗೆ ಮುಟ್ಟಲು ದೂರ. ಫಿನ್ ಚುರುಕಾದಷ್ಟೂ ತಳ ತೆಳುವಾಗಿರಬಹುದು. ಒಳ್ಳೆಯ ಬ್ಲಾಕ್‌ಗಳ ತಳ ನೋಡಿದರೆ ಕನ್ನಡಿಯ ಹಾಗೆ ಸಮ ಇರುವುದಿಲ್ಲ, ನಡುವೆ ಕೂದಲೆಳೆಯಷ್ಟು ಉಬ್ಬಿರುತ್ತದೆ. ಅದು ತಪ್ಪಲ್ಲ, ಬೇಕೆಂತಲೇ ಮಾಡಿದ್ದು. ಬಿಗಿದಾಗ ನಡುಭಾಗ ಗಟ್ಟಿಯಾಗಿ ಒತ್ತಿ ಅಲ್ಲಿನ ಪೇಸ್ಟ್ ತೆಳ್ಳಗಾಗಲಿ ಅಂತ.

ತೊಂದರೆ ಏನೆಂದರೆ ನಿಮ್ಮ ಪ್ರೊಸೆಸರ್‌ನ ಬಿಸಿ ನಡುವೆ ಇಲ್ಲ. ಎಎಂ5ರಲ್ಲಿ ಆ ಎರಡು ಚಿಪ್ಲೆಟ್‌ಗಳು ಒಂದು ಪಕ್ಕಕ್ಕೆ, ಸಾಮಾನ್ಯ ಮದರ್‌ಬೋರ್ಡ್‌ನಲ್ಲಿ ಗ್ರಾಫಿಕ್ಸ್ ಕಾರ್ಡ್ ಇರುವ ಕಡೆಗೆ ಸರಿದು ಕೂತಿವೆ. ಬ್ಲಾಕ್‌ನ ಸೀಳು, ಉಬ್ಬು, ಒತ್ತಡ ಎಲ್ಲ ಇರುವುದು ನಟ್ಟನಡುವೆ. ಮದುಮಗ ಒಂದು ಕಡೆ, ನಿಮ್ಮ ಕ್ಯಾಮೆರಾ ಇನ್ನೊಂದು ಕಡೆ ನೋಡುತ್ತಿರುವ ಹಾಗೆ. ಗಾಳಿ ಕೂಲರ್ ಮಾಡುವ ನಾಕ್ಟುವಾ ಇದಕ್ಕೆಂದೇ 2023ರಲ್ಲಿ ಕೂಲರನ್ನು 7 ಮಿ.ಮೀ. ಸರಿಸಿ ಕೂರಿಸುವ ಪಟ್ಟಿ ತಂದಿತು, ಅದರಿಂದ 1ರಿಂದ 3 ಡಿಗ್ರಿ ಲಾಭ ಅಂತ ಹೇಳಿತು. ಆರ್ಕ್ಟಿಕ್ ಕಂಪನಿಯ ಲಿಕ್ವಿಡ್ ಫ್ರೀಜರ್ ಅನ್ನುವ ವಾಟರ್ ಕೂಲರ್‌ಗಳಲ್ಲೂ ಎಎಂಡಿಗೆ ಸರಿಸಿ ಕೂರಿಸುವ ವ್ಯವಸ್ಥೆ ಇದೆ. ನಿಮ್ಮ ಬ್ಲಾಕ್‌ಗೆ ಅಂಥ ಬ್ರಾಕೆಟ್ ಸಿಗುತ್ತದಾ ವಿಚಾರಿಸಿ. ಸಿಗದಿದ್ದರೆ, ಬ್ರಾಕೆಟ್ ಬಿಟ್ಟುಕೊಟ್ಟರೆ, ಬ್ಲಾಕ್ ಅನ್ನು ಕಾಲು ಸುತ್ತು ತಿರುಗಿಸಿ, ಸೀಳು ಎರಡು ಚಿಪ್ಲೆಟ್‌ಗಳ ನಡುವೆ ಹಾದುಹೋಗುವಂತೆ ಕೂರಿಸಿ ನೋಡಿ. ಲಾಭ ಆದರೆ ಇಟ್ಟುಕೊಳ್ಳಿ, ಇಲ್ಲದಿದ್ದರೆ ಮೊದಲಿನ ಹಾಗೇ ಹಾಕಿ. ಪ್ರತಿ ಸಲ ಬಿಚ್ಚಿದಾಗ ಪೇಸ್ಟ್ ಹರಡಿದ ಗುರುತನ್ನು ಫೋನಿನಲ್ಲಿ ಫೋಟೊ ತೆಗೆದಿಡಿ. ಚಿಪ್ಲೆಟ್ ಇರುವ ಕಡೆ ಪೇಸ್ಟ್ ದಪ್ಪಗೆ ಉಳಿದಿದ್ದರೆ ಸ್ಕ್ರೂ ಸಮನಾಗಿ ಬಿಗಿದಿಲ್ಲ ಅಂತ ಅರ್ಥ.

ಇನ್ನು ಕಸ. ಇದನ್ನು ನನ್ನ ಅನುಭವದಿಂದಲೇ ಹೇಳುತ್ತೇನೆ. ಕೆಲವು ವರ್ಷದ ಹಿಂದೆ ಅಗ್ಗಕ್ಕೆ ಸಿಕ್ಕಿತು ಅಂತ ಯಾವುದೋ ಮೃದು ಪೈಪು ಹಾಕಿದ್ದೆ. ಎಂಟು ತಿಂಗಳಲ್ಲಿ ಬಿಸಿ 7 ಡಿಗ್ರಿ ಏರಿತು. ಪೇಸ್ಟ್ ಬದಲಿಸಿದೆ, ಫ್ಯಾನ್ ಬದಲಿಸಿದೆ, ಏನೂ ಆಗಲಿಲ್ಲ. ಕೊನೆಗೆ ಬ್ಲಾಕ್ ಬಿಚ್ಚಿದರೆ ಸೀಳಿನ ಉದ್ದಕ್ಕೂ ಗಂಜಿಯಂಥ ಬಿಳಿ ಲೋಳೆ. ಪೈಪನ್ನು ಮೃದು ಮಾಡಲು ಹಾಕಿದ ರಾಸಾಯನಿಕ ನೀರಿಗೆ ಬಿಟ್ಟುಕೊಂಡು ಬಂದು, ದಾರಿಯಲ್ಲಿ ಎಲ್ಲಕ್ಕಿಂತ ಕಿರಿದಾದ ಜಾಗ ನೋಡಿ ಅಲ್ಲೇ ಕೂತಿತ್ತು. ಫಿನ್‌ಗಳು ಲೂಪಿನ ಜರಡಿ ಇದ್ದ ಹಾಗೆ. ಅಮ್ಮ ನೋಡಿ, ‘ತಾಮ್ರ ತಾನೆ? ಹುಣಸೆಹಣ್ಣಲ್ಲಿ ಉಜ್ಜು’ ಅಂದರು. ಉಜ್ಜಿದೆ. ಥಳಥಳ ಹೊಳೆಯಿತು. ಆದರೆ ಹುಣಸೆಯ ನಾರು ಫಿನ್‌ಗಳ ಸಂದಿಯಲ್ಲಿ ಸಿಕ್ಕಿಕೊಂಡು, ಅದನ್ನು ಸೂಜಿಯಲ್ಲಿ ತೆಗೆಯುವಷ್ಟರಲ್ಲಿ ಒಂದು ಸಂಜೆ ಹೋಯಿತು.

ಬರೀ ತಾಮ್ರದ ತಳವಾದರೆ ಸೋಸಿದ ನಿಂಬೆರಸ ಅಥವಾ ವಿನೆಗರ್‌ಗೆ ನೀರು ಬೆರೆಸಿ, ಹಳೇ ಮೃದು ಟೂತ್‌ಬ್ರಷ್‌ನಿಂದ ಫಿನ್ ಉದ್ದಕ್ಕೆ ಉಜ್ಜಿ. ಅಡ್ಡಡ್ಡ ಉಜ್ಜಿದರೆ ಫಿನ್ ಬಾಗುತ್ತವೆ. ಬೆಳ್ಳಿಯ ಬಣ್ಣದ ನಿಕ್ಕಲ್ ಲೇಪನ ಇದ್ದರೆ ಹುಳಿ ಬೇಡ, ಸೋಪಿನ ನೀರು ಸಾಕು. ಮೇಲ್ಭಾಗ ಪಾರದರ್ಶಕ ಅಕ್ರಿಲಿಕ್ ಆಗಿದ್ದರೆ ಸ್ಪಿರಿಟ್ ಮುಟ್ಟಿಸಲೇಬೇಡಿ, ಬಿರುಕು ಬಿಡುತ್ತದೆ. ಫಿಟಿಂಗ್‌ಗಳನ್ನು ಕೈಯಲ್ಲೇ ಬಿಗಿಯಿರಿ, ಸ್ಪ್ಯಾನರ್ ಬೇಡ.

ನೀರಿನ ಬಗ್ಗೆ ನೀವು ಏನೂ ಬರೆದಿಲ್ಲ. ಬೋರ್ ನೀರಾಗಲಿ, ಮನೆಯ ಫಿಲ್ಟರ್ ನೀರಾಗಲಿ ಹಾಕಿದ್ದರೆ ಇವತ್ತೇ ಚೆಲ್ಲಿ. ಗೀಜರ್ ಕಾಯಿಲ್ ಮೇಲೆ ಕೂರುವ ಬಿಳಿ ಪದರ 0.2 ಮಿ.ಮೀ. ಸಂದಿನಲ್ಲಿ ಕೂತರೆ ಏನಾಗುತ್ತದೆ ಅಂತ ಊಹಿಸಿಕೊಳ್ಳಿ. ಡಿಸ್ಟಿಲ್ಡ್ ನೀರು ತನ್ನಿ, ಬ್ಯಾಟರಿ ಅಂಗಡಿಯಲ್ಲಿ ಸಿಗುತ್ತದೆ. ಆಸಿಡ್ ಕ್ಯಾನ್ ಕೊಡಬಾರದು, ನೀರೇ ಕೊಡಬೇಕು ಅಂತ ಎರಡು ಸಲ ಹೇಳಿ ತನ್ನಿ. ಅದಕ್ಕೆ ತುಕ್ಕು ಮತ್ತು ಪಾಚಿ ತಡೆಯುವ ದ್ರಾವಣ ಬೆರೆಸಿ. ಅಥವಾ ತಯಾರು ಕೂಲಂಟ್ ಹಾಕಿ, ಆದರೆ ಹಾಲಿನಂಥ ಬಣ್ಣದ್ದು ಬೇಡ. ಆ ಬಣ್ಣದ ಪುಡಿಯೂ ಕೊನೆಗೆ ಫಿನ್‌ನಲ್ಲೇ ಕೂರುತ್ತದೆ. ರೇಡಿಯೇಟರ್ ಅಲ್ಯೂಮಿನಿಯಂನದಾ, ತಾಮ್ರ-ಹಿತ್ತಾಳೆಯದಾ ಅಂತಲೂ ನೋಡಿಕೊಳ್ಳಿ. ತಾಮ್ರದ ಬ್ಲಾಕ್, ಅಲ್ಯೂಮಿನಿಯಂ ರೇಡಿಯೇಟರ್ ಒಂದೇ ನೀರಿನಲ್ಲಿದ್ದರೆ ಅಲ್ಯೂಮಿನಿಯಂ ಸವೆಯುತ್ತಾ ಹೋಗುತ್ತದೆ, ಸವೆದದ್ದು ಎಲ್ಲಿ ಬಂದು ಕೂರುತ್ತದೆ ಅಂತ ಈಗ ನಿಮಗೇ ಗೊತ್ತು.

ಬೆಳ್ಳಿಯ ಬ್ಲಾಕ್ ಚೆನ್ನಾಗಿರುತ್ತದಾ ಅಂತ ಮುಂದಿನ ಪತ್ರದಲ್ಲಿ ಕೇಳಬೇಡಿ. ಬೆಳ್ಳಿಯ ಉಷ್ಣವಾಹಕತೆ 430ರ ಹತ್ತಿರ, ತಾಮ್ರದ್ದು 400. ಆ ದುಡ್ಡಿಗೆ ಇನ್ನೊಂದು ರೇಡಿಯೇಟರ್ ಬರುತ್ತದೆ.

ರೇಡಿಯೇಟರ್ ಅಂದಾಗ ನೆನಪಾಯಿತು. ನಿಮ್ಮ ನೀರು ರೂಮಿಗಿಂತ 10 ಡಿಗ್ರಿ ಮೇಲಿದೆ. 360 ರೇಡಿಯೇಟರ್‌ಗೆ ಅದು ಸರಿಯಾಗೇ ಇದೆ, ಅಲ್ಲಿ ತಪ್ಪಿಲ್ಲ. ಆದರೆ ಏಪ್ರಿಲ್‌ನಲ್ಲಿ ಬಳ್ಳಾರಿಯ ರೂಮು 40 ಆದರೆ ನೀರು 50 ಆಗುತ್ತದೆ. ಬ್ಲಾಕ್ ಎಷ್ಟೇ ಚೆನ್ನಾಗಿರಲಿ, ಲೆಕ್ಕ ಶುರುವಾಗುವುದೇ ಆ 50ರಿಂದ. ಬೇಸಿಗೆಯ ನಾಲ್ಕು ತಿಂಗಳು ಬಯಾಸ್‌ನಲ್ಲಿ (ಮದರ್‌ಬೋರ್ಡ್‌ನ ಸೆಟ್ಟಿಂಗ್ ಪುಟ) ಕಮ್ಮಿ ವ್ಯಾಟ್‌ನಲ್ಲಿ ಓಡಿಸುವ ಇಕೋ ಮೋಡ್ ಹಾಕಿ 105 ವ್ಯಾಟ್ ಆರಿಸಿಕೊಳ್ಳಿ. ಆಗ ಸಾಕೆಟ್ ಮಿತಿ 142 ವ್ಯಾಟ್ ಆಗುತ್ತದೆ. ನಿಮ್ಮದೇ 0.225 ಹಿಡಿದು ಗುಣಿಸಿ: ನೀರಿನ ಮೇಲೆ 32 ಡಿಗ್ರಿ. ನೀರೂ 50ರ ಬದಲು 46ರ ಆಸುಪಾಸು ನಿಲ್ಲುತ್ತದೆ. ಚಿಪ್ 80 ದಾಟುವುದಿಲ್ಲ. ರೆಂಡರ್ ಸ್ವಲ್ಪ ನಿಧಾನ ಆಗುತ್ತದೆ, ವ್ಯಾಟ್ ಇಳಿದಷ್ಟು ಇಳಿಯುವುದಿಲ್ಲ.

ಈ ವಾರ ಮಾಡಬೇಕಾದದ್ದು ಪೈಪು ಅದಲು ಬದಲು. ಅದೊಂದನ್ನೇ ಮಾಡಿ, ಬೇರೆ ಏನೂ ಮುಟ್ಟಬೇಡಿ. ಅದೇ ಪ್ರಾಜೆಕ್ಟ್ ಅರ್ಧ ಗಂಟೆ ರೆಂಡರ್ ಹಾಕಿ ಚಿಪ್, ನೀರು, ವ್ಯಾಟ್ ಮೂರನ್ನೂ ಬರೆದುಕೊಳ್ಳಿ. ಭಾಗಿಸಿದಾಗ 0.225ಕ್ಕಿಂತ ಕೆಳಗೆ ಎಷ್ಟು ಬಂತು ಅಂತ ನನಗೂ ತಿಳಿಸಿ. ಹಳೇ ಬ್ಲಾಕ್ ಮಾರಬೇಡಿ. ಅದರ ಫಿನ್ ಎಣಿಸಿ, ತೊಳೆದು, ಒಣಗಿಸಿ ಇಟ್ಟುಕೊಳ್ಳಿ. ಯಾವುದಾದರೂ ಸೀಸನ್ ಮಧ್ಯೆ ಹೊಸದರ ಓ-ರಿಂಗ್ ಕೈಕೊಟ್ಟರೆ, ಮರುದಿನ ಆಲ್ಬಮ್ ಕೊಡಬೇಕಾದ ರಾತ್ರಿ ಅದೇ ನಿಮ್ಮನ್ನು ಉಳಿಸುತ್ತದೆ.